ದೇಶಾಂತರ ಸಹಕಾರ ಮತ್ತು ತಾಳೆಗರಿಗಳ ರಕ್ಷಣೆ

ಶರಣರ ವಚನಗಳು ಇಂದು ಅಚ್ಚುಕಟ್ಟಾದ ಗ್ರಂಥಗಳಾಗಿ ಮನೆಮನೆಗಳಲ್ಲಿ ದೊರೆಯುತ್ತವೆ. ಆದರೆ ಅವು ಮುದ್ರಣಾಲಯವನ್ನು ಸೇರುವ ಮೊದಲು ಶತಮಾನಗಳ ಕಾಲ ಮಠಗಳ ಭಂಡಾರಗಳಲ್ಲಿ, ಗೃಹಸ್ಥರ ದೇವರಕೋಣೆಗಳಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಉಳಿದುಬಂದವು. ವಚನಗಳ ಬಹುಭಾಗ ಬೆಳಕಿಗೆ ಬಂದಿರುವುದು ನಿಜವಾದರೂ, ಪುರಾಣ, ರಗಳೆ, ಸ್ವರವಚನ, ಟೀಕೆ, ವೈದ್ಯ ಮುಂತಾದ ವಿಷಯಗಳ ಓಲೆಗಳು ಇನ್ನೂ ಪರಿಶೀಲನೆಗೆ ಒಳಗಾಗದೆ ನಾಡಿನ ನಾನಾ ಕಡೆ ಇವೆ. ಗರಿ ಒಣಗಿ ಸೀಳುತ್ತದೆ, ಹುಳು ಕೊರೆಯುತ್ತದೆ, ಹಳೆಯ ಬರವಣಿಗೆಯನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಾರೆ. ಗರಿ ಉಳಿದು ಓದುವವನಿಲ್ಲದಿದ್ದರೂ, ಓದುವವನಿದ್ದು ಗರಿ ಅಳಿದರೂ ನಷ್ಟವು ಒಂದೇ.

ಈ ಕಾರ್ಯಕ್ಕೆ ಬೇಕಾದ ವಿದ್ವತ್ತು ಒಂದು ಊರಿನಲ್ಲಿಯೇ ಇರುವುದಿಲ್ಲ. ಬೇಕಾದ ಹಣ ಒಬ್ಬ ದಾನಿಯಲ್ಲಿಯೇ ಇರುವುದಿಲ್ಲ. ಆದುದರಿಂದ ಸಹಭಾಗಿಗಳನ್ನು ಹುಡುಕುವುದು ಮತ್ತು ಸಾರ್ವಜನಿಕ ಧನವನ್ನು ಪಡೆಯುವುದು ಎಂಬ ಎರಡು ಪ್ರಶ್ನೆಗಳು ಏಳುತ್ತವೆ. ಯೂರೋಪಿನ ರಾಷ್ಟ್ರಗಳು ಗಡಿಗಳನ್ನು ದಾಟಿ ಒಟ್ಟಿಗೆ ಕೆಲಸ ಮಾಡುವುದಕ್ಕೆ ಇಂಥದೊಂದು ವ್ಯವಸ್ಥೆಯನ್ನೇ ರೂಪಿಸಿಕೊಂಡಿವೆ. ಅದರ ಸ್ವರೂಪವೇನು, ಕನ್ನಡನಾಡಿನ ಒಂದು ಸಂಸ್ಥೆ ಅದರಲ್ಲಿ ಎಲ್ಲಿಯವರೆಗೆ ಪ್ರವೇಶಿಸಬಹುದು, ಪ್ರವೇಶಿಸುವ ಮೊದಲು ಏನನ್ನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಹಿಂದಿನ ನಿದರ್ಶನಗಳು

ದೇಶಾಂತರ ಸಹಕಾರವು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಸಂಸ್ಥೆ ಸ್ವಿಸ್ ನೆಲದ್ದು; ಅದರಲ್ಲಿ ದುಡಿದವರಲ್ಲಿ ಅನೇಕರು ಜರ್ಮನಿಯವರು; ಕಾರ್ಯಕ್ಷೇತ್ರ ಕನ್ನಡ ನಾಡು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಹಳೆಯ ಕನ್ನಡ ಕಾವ್ಯಗಳನ್ನು ಸಂಗ್ರಹಿಸಿ ಮುದ್ರಿಸುವ ಹಂಬಲವುಳ್ಳವರಾಗಿದ್ದರು. ಅವರಲ್ಲಿ ಕೈಬರಹಗಳಿದ್ದವು, ಓದುವ ಪಂಡಿತರಿದ್ದರು, ಇಲ್ಲದಿದ್ದುದು ಹಣ. ಮದರಾಸು ಆಡಳಿತದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ, ಕನ್ನಡಾಭಿಮಾನಿಯಾದ ಕ್ಯಾಸಮೇಜರ್ ಎಂಬ ಮಹನೀಯರು ಆ ಕೊರತೆಯನ್ನು ತುಂಬಲು ಮುಂದಾದರು. 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಹೆಸರಿನ ಮಾಲೆ 1848ರಿಂದ ಕಲ್ಲಚ್ಚಿನಲ್ಲಿ ಹೊರಬಂದು, ಅದರಲ್ಲಿ ಬಸವಪುರಾಣವೂ ಪ್ರಕಟವಾಯಿತು. ಮುಂದೆ 1860ರ ದಶಕದಲ್ಲಿ ಅದೇ ಮಿಶನ್ನಿನ ವುರ್ತ್ ಎಂಬವರು ಬಸವಪುರಾಣ ಮತ್ತು ಚೆನ್ನಬಸವಪುರಾಣಗಳನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಉದ್ದೇಶ ಮತಪ್ರಚಾರವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಉದ್ದೇಶಗಳು ಬೇರೆಯಾಗಿರುವವರು ಒಂದು ಗ್ರಂಥದ ಮಟ್ಟಿಗೆ ಒಟ್ಟಾಗಿ ದುಡಿಯಬಹುದು ಎಂಬುದಕ್ಕೆ ಆ ಕಾರ್ಯ ಸಾಕ್ಷಿಯಾಗಿದೆ.

ಇದಕ್ಕೆ ಪ್ರತಿಯಾಗಿ, ಸಹಭಾಗಿಯೂ ಇಲ್ಲದೆ ಸರಕಾರದ ಧನವೂ ಇಲ್ಲದೆ ನಡೆದ ಕಾರ್ಯವೆಂದರೆ ಫ. ಗು. ಹಳಕಟ್ಟಿಯವರದು. ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ಅವರು ತಮ್ಮ ಮನೆಯನ್ನೇ ಮಾರಿದರು. ಅಂಥ ತ್ಯಾಗ ವಂದನೀಯ. ಆದರೆ ಪ್ರತಿಯೊಂದು ತಲೆಮಾರಿನಲ್ಲೂ ಒಬ್ಬರು ಮನೆ ಮಾರಲಿ ಎಂದು ಸಮಾಜ ಕಾದು ಕುಳಿತಿರುವುದು ಉಚಿತವಲ್ಲ.

ಸ್ವಾತಂತ್ರ್ಯಾನಂತರ ಸಾರ್ವಜನಿಕ ಸಂಸ್ಥೆಗಳು ಈ ಭಾರವನ್ನು ಹೊತ್ತವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ವರೆಗೆ 'ಶೂನ್ಯಸಂಪಾದನೆ'ಯನ್ನು ಇಂಗ್ಲಿಷ್ ಅನುವಾದದೊಡನೆ 5 ಸಂಪುಟಗಳಲ್ಲಿ ಹೊರತಂದಿತು. ನಂದೀಮಠ, ಭೂಸನೂರಮಠ, ಹಿರೇಮಠ, ಸುಂಕಾಪುರರಂಥ ಕನ್ನಡ ವಿದ್ವಾಂಸರೂ, ಇಂಗ್ಲಿಷಿನಲ್ಲಿ ಕವಿಯಾದ ಅರ್ಮಾಂಡೊ ಮೆನೆಜಿಸರೂ ಅದರಲ್ಲಿ ಕೈಜೋಡಿಸಿದರು. ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ಬಿ. ಡಿ. ಜತ್ತಿಯವರು 1964ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಬಸವ ಸಮಿತಿಯು ಆಯ್ದ ವಚನಗಳ ಅನುವಾದವನ್ನು ಕೈಗೊಂಡು, 2017ರ ಬಸವ ಜಯಂತಿಯ ದಿನ 23 ಭಾಷೆಗಳ ಆವೃತ್ತಿ ದೆಹಲಿಯಲ್ಲಿ ಬಿಡುಗಡೆಯಾಯಿತು. ಭಾಷೆಗೊಂದು ತಂಡ, ತಂಡಕ್ಕೊಬ್ಬ ಸಂಪಾದಕ, ಎಲ್ಲರಿಗೂ ಒಂದೇ ಮೂಲಪಾಠ: ಬಹುಜನರ ಸಹಕಾರವನ್ನು ನಡೆಸುವ ಬಗೆ ಹೀಗೆಯೇ.

ಯೂರೋಪಿನ ಪದ್ಧತಿ

ಯೂರೋಪಿನ ಒಕ್ಕೂಟದಲ್ಲಿ ಈಗ 27 ರಾಷ್ಟ್ರಗಳಿವೆ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ನಾಶಮಾಡಿಕೊಂಡ ದೇಶಗಳು, ಒಟ್ಟಾಗಿ ಮಾಡುವ ಕೆಲಸವೇ ಶಾಂತಿಗೆ ಆಧಾರವೆಂದು ಬಗೆದು, ತೆರಿಗೆಯ ಹಣದ ಒಂದು ಪಾಲನ್ನು ಗಡಿ ದಾಟಿದ ಕಾರ್ಯಗಳಿಗೆಂದೇ ಮೀಸಲಿರಿಸಿವೆ. 1990ರಲ್ಲಿ ಆರಂಭವಾದ 'ಇಂಟರ್‌ರೆಗ್' ಯೋಜನೆಯು ಗಡಿಯ ಎರಡು ಬದಿಯ ಜಿಲ್ಲೆಗಳನ್ನು ಜೋಡಿಸುತ್ತದೆ. ಒಂದೇ ನದಿಯ ಎರಡು ದಡಗಳು ಎರಡು ದೇಶಗಳಿಗೆ ಸೇರಿದ್ದರೆ ನೆರೆಯನ್ನು ತಡೆಯುವ ಕೆಲಸವನ್ನು ಒಬ್ಬರೇ ಮಾಡಲಾಗದು. ತುಂಗಭದ್ರೆಯ ಅಣೆಕಟ್ಟನ್ನು ಮದರಾಸು ಮತ್ತು ಹೈದರಾಬಾದು ಆಡಳಿತಗಳು 1945ರಲ್ಲಿ ಜಂಟಿಯಾಗಿ ಆರಂಭಿಸಿದ ಕಥೆಯನ್ನು ಬಲ್ಲ ಹರಿಹರದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಶೋಧನೆಗೆ ಸಂಬಂಧಿಸಿದ ದೊಡ್ಡ ಯೋಜನೆ 'ಹೊರೈಜನ್ ಯೂರೋಪ್'. 2021ರಿಂದ 2027ರ ಅವಧಿಗೆ ಇದಕ್ಕೆ ಆರಂಭದಲ್ಲಿ ನಿಗದಿಯಾದ ಮೊತ್ತ ಸುಮಾರು 9,550 ಕೋಟಿ ಯೂರೋ. ಇದರ ಸಹಕಾರಿ ಯೋಜನೆಗಳ ಮೂಲನಿಯಮವೆಂದರೆ ಕನಿಷ್ಠ 3 ದೇಶಗಳ 3 ಸ್ವತಂತ್ರ ಸಂಸ್ಥೆಗಳು ಒಂದು ಕೂಟವಾಗಿ ಬರಬೇಕು. ಅವುಗಳಲ್ಲಿ ಒಂದಾದರೂ ಒಕ್ಕೂಟದ ಸದಸ್ಯರಾಷ್ಟ್ರದ್ದಾಗಿರಬೇಕು, ಉಳಿದವು ಸದಸ್ಯ ಅಥವಾ ಸಹವರ್ತಿ ರಾಷ್ಟ್ರಗಳವಾಗಿರಬೇಕು. ಕೂಟಕ್ಕೆ ಒಬ್ಬ ಮುಖ್ಯ ಸಹಭಾಗಿ ಇರುತ್ತಾನೆ. ಪ್ರಸ್ತಾವ ಸಲ್ಲಿಸುವುದು, ಹಣವನ್ನು ಹಂಚುವುದು, ವರದಿಗಳನ್ನು ಒಪ್ಪಿಸುವುದು ಅವನ ಹೊಣೆ. ಬಂದ ಪ್ರಸ್ತಾವಗಳನ್ನು ಹೊರಗಿನ ತಜ್ಞರು ಮೂರು ಮಾನಗಳಿಂದ ಅಳೆಯುತ್ತಾರೆ: ವಿಚಾರದ ಶ್ರೇಷ್ಠತೆ, ಅದರಿಂದ ಸಮಾಜಕ್ಕಾಗುವ ಪರಿಣಾಮ, ನಡೆಸುವ ಸಾಮರ್ಥ್ಯ. ಪ್ರತಿಯೊಂದಕ್ಕೂ 5 ಅಂಕ. ವಿದ್ವತ್ತು ಎಷ್ಟೇ ಇದ್ದರೂ ಕೆಲಸದ ಕಾಲಪಟ್ಟಿ ಮತ್ತು ವೆಚ್ಚದ ಲೆಕ್ಕ ಸಡಿಲವಾಗಿದ್ದರೆ ಪ್ರಸ್ತಾವ ಮೂರನೆಯ ಮಾನದಲ್ಲಿ ಬಿದ್ದುಹೋಗುತ್ತದೆ.

ಕಲೆ ಮತ್ತು ಸಂಸ್ಕೃತಿಗೆ 'ಕ್ರಿಯೇಟಿವ್ ಯೂರೋಪ್' ಎಂಬ ಬೇರೆ ಯೋಜನೆ ಇದೆ. ಇದೇ ಅವಧಿಯ ನಿಯಮದಂತೆ 3 ದೇಶಗಳ 3 ಸಂಸ್ಥೆಗಳು ಸೇರಿದ ಸಣ್ಣ ಕೂಟಕ್ಕೆ ಗರಿಷ್ಠ 2 ಲಕ್ಷ ಯೂರೋ, ವೆಚ್ಚದ ಶೇಕಡಾ 80ರ ವರೆಗೆ. 5 ದೇಶಗಳ 5 ಸಂಸ್ಥೆಗಳಿಗೆ 10 ಲಕ್ಷ, ಶೇಕಡಾ 70ರ ವರೆಗೆ. 10 ದೇಶಗಳ 10 ಸಂಸ್ಥೆಗಳಿಗೆ 20 ಲಕ್ಷ, ಶೇಕಡಾ 60ರ ವರೆಗೆ ಅನುದಾನ ದೊರೆಯುತ್ತದೆ. ಕೂಟ ದೊಡ್ಡದಾದಷ್ಟೂ ಸ್ವಂತ ಪಾಲು ಹೆಚ್ಚು. ಉಳಿದ ಪಾಲನ್ನು ಸಹಭಾಗಿಗಳೇ ತರಬೇಕು. ಸಾರ್ವಜನಿಕ ಧನವು ಪೂರ್ತಿ ಭಾರವನ್ನು ಹೊರುವ ಕಂಬವಲ್ಲ, ಸ್ವಂತ ಶಕ್ತಿಗೆ ಕೊಡುವ ಆಸರೆ ಎಂಬ ಭಾವನೆ ಈ ಲೆಕ್ಕದ ಹಿಂದಿದೆ.

ಭಾರತೀಯರಿಗಿರುವ ಎಡೆ

ಇಷ್ಟೆಲ್ಲ ಇದ್ದರೂ ದಾವಣಗೆರೆಯ ಸಂಸ್ಥೆಯೊಂದು ಬ್ರಸೆಲ್ಸ್‌ಗೆ ಅರ್ಜಿ ಬರೆದ ಮಾತ್ರಕ್ಕೆ ಹಣ ಬಾರದು. 'ಹೊರೈಜನ್ ಯೂರೋಪ್' ಆರಂಭವಾದಾಗ ರೂಪಿಸಿದ ನಿಯಮಗಳಲ್ಲಿ, ತಾವಾಗಿಯೇ ಅನುದಾನಕ್ಕೆ ಅರ್ಹವಾಗುವ ಬಡ ಮತ್ತು ಮಧ್ಯಮ ವರಮಾನದ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಸೇರಿಸಲಿಲ್ಲ. ಭಾರತೀಯ ಸಂಸ್ಥೆ ಕೂಟದೊಳಗೆ ಸಹವರ್ತಿ ಸಹಭಾಗಿಯಾಗಿ ಸೇರಬಹುದು. ಆದರೆ ತನ್ನ ವೆಚ್ಚವನ್ನು ಸಾಮಾನ್ಯವಾಗಿ ತಾನೇ ಭರಿಸಬೇಕು. ಭಾರತ ಮತ್ತು ಯೂರೋಪಿನ ಒಕ್ಕೂಟಗಳ ನಡುವೆ 2001ರಲ್ಲಿ ವಿಜ್ಞಾನ–ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕೆಲವು ವಿಷಯಗಳಲ್ಲಿ ಭಾರತ ಸರಕಾರದ ಇಲಾಖೆಗಳು ತಮ್ಮ ಕಡೆಯವರ ವೆಚ್ಚವನ್ನು ವಹಿಸಿಕೊಂಡದ್ದುಂಟು. ಸಾಹಿತ್ಯ ಮತ್ತು ಸಮಾಜಶಾಸ್ತ್ರಗಳಿಗೆ ಅಂಥ ಅವಕಾಶಗಳು ವಿರಳ.

ಆದಾಗ್ಯೂ ಮೂರು ಬಾಗಿಲುಗಳು ತೆರೆದಿವೆ. ಮೊದಲನೆಯದು ವ್ಯಕ್ತಿಗಳಿಗೆ ದೊರೆಯುವ ನೆರವು. 2007ರಲ್ಲಿ ಸ್ಥಾಪಿತವಾದ ಯೂರೋಪಿನ ಸಂಶೋಧನ ಮಂಡಲಿಯ ಅನುದಾನಗಳೂ ಮಾರಿ ಕ್ಯೂರಿಯವರ ಹೆಸರಿನ ಸಂಶೋಧನ ವೇತನಗಳೂ ಯಾವ ದೇಶದ ವಿದ್ವಾಂಸರಿಗಾದರೂ ಲಭ್ಯ. ಆತಿಥೇಯ ಸಂಸ್ಥೆ ಮಾತ್ರ ಆ ಕಡೆಯದಾಗಿರಬೇಕು. ಡಾಕ್ಟರೇಟ್ ಪಡೆದ ಕನ್ನಡ ವಿದ್ಯಾರ್ಥಿ ಇದಕ್ಕೆ ಅಡ್ಡಿಯಿಲ್ಲದೆ ಪ್ರಯತ್ನಿಸಬಹುದು. ಎರಡನೆಯದು 'ಎರಾಸ್ಮಸ್' ಯೋಜನೆ. ಅದರ ಜಂಟಿ ಸ್ನಾತಕೋತ್ತರ ತರಗತಿಗಳಿಗೆ ಭಾರತೀಯ ವಿದ್ಯಾರ್ಥಿಗಳು ವೇತನ ಪಡೆದು ಹೋಗುತ್ತಾರೆ. ಉನ್ನತ ಶಿಕ್ಷಣದ ಸಾಮರ್ಥ್ಯ ಬೆಳೆಸುವ ವಿಭಾಗದಲ್ಲಿ ಭಾರತದ ವಿಶ್ವವಿದ್ಯಾಲಯಗಳೂ ಸಹಭಾಗಿಗಳಾಗಬಹುದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದಂಥ ಸಂಸ್ಥೆಗೆ ಇದು ಹೊಂದುವ ದಾರಿ. ಮೂರನೆಯದು ಬಿಡಿ ರಾಷ್ಟ್ರಗಳ ಧನ. ಫ್ರಾನ್ಸ್, ಜರ್ಮನಿಗಳ ಸಂಶೋಧನ ನಿಧಿಗಳು ಒಕ್ಕೂಟದ ಹಣಕ್ಕಿಂತ ಬೇರೆ. ಭಾರತೀಯ ಗ್ರಂಥಗಳ ಮೇಲಿನ ಕೆಲಸಕ್ಕೆ ಬಹುಕಾಲದಿಂದ ನೆರವಾಗಿರುವವು ಇವೇ.

ಶೈವಗ್ರಂಥಗಳ ಮೇಲಿನ ಸಹಕಾರ

ಇದಕ್ಕೆ ಒಳ್ಳೆಯ ನಿದರ್ಶನ ಪಾಂಡಿಚೇರಿ. 1955ರಲ್ಲಿ ಸ್ಥಾಪಿತವಾದ ಅಲ್ಲಿಯ ಫ್ರೆಂಚ್ ಸಂಸ್ಥೆಯು ಫ್ರೆಂಚ್ ಸರಕಾರದ ಧನದಿಂದ ನಡೆಯುತ್ತದೆ. ಭಾರತೀಯ ಪಂಡಿತರೂ ಫ್ರೆಂಚ್ ವಿದ್ವಾಂಸರೂ ಕೂಡಿ ಅಲ್ಲಿ ಸಂಗ್ರಹಿಸಿದ ಶೈವಾಗಮಗಳ ಓಲೆಗಳನ್ನು, ದೂರಪ್ರಾಚ್ಯ ಅಧ್ಯಯನದ ಫ್ರೆಂಚ್ ಶಾಲೆಯ ಸಂಗ್ರಹದೊಡನೆ, ಯುನೆಸ್ಕೊ ಸಂಸ್ಥೆ 2005ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಆ ಹಸ್ತಪ್ರತಿಗಳ ಸಂಖ್ಯೆ ಸುಮಾರು 11,000. ಗರಿಗಳು ಭಾರತದ ನೆಲದಲ್ಲಿಯೇ ಉಳಿದಿವೆ.

2008ರಿಂದ 2011ರ ವರೆಗೆ ಪ್ರಾಚೀನ ತಂತ್ರಗ್ರಂಥಗಳ ಸಂಪಾದನೆಗೆ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧನ ನಿಧಿಗಳೆರಡೂ ಒಂದೇ ಯೋಜನೆಗೆ ಹಣ ನೀಡಿದವು. ಪಾಂಡಿಚೇರಿ ಮತ್ತು ಹ್ಯಾಂಬರ್ಗ್‌ಗಳಲ್ಲಿದ್ದ ವಿದ್ವಾಂಸರು ಸೇರಿ ದುಡಿದರು. ಯೂರೋಪಿನ ಸಂಶೋಧನ ಮಂಡಲಿಯ 2018ರ ಸಾಲಿನ ಅನುದಾನದಿಂದ ಇಟಲಿಯ ನೇಪಲ್ಸಿನ 'ಲ'ಓರಿಯೆಂಟಾಲೆ' ವಿಶ್ವವಿದ್ಯಾಲಯವು ಶಿವಧರ್ಮ ಗ್ರಂಥಗಳ ಅಧ್ಯಯನವನ್ನು ಕೈಗೊಂಡಿತು. ಶಿವಭಕ್ತಿಯು ಗೃಹಸ್ಥರ ನಿತ್ಯಧರ್ಮವಾಗಿ ಹೇಗೆ ಹಬ್ಬಿತೆಂಬುದು ಅದರ ವಿಷಯ. ಶೈವಗ್ರಂಥಗಳಿಗೆ ಯೂರೋಪಿನ ಸಾರ್ವಜನಿಕ ಧನ ದೊರೆಯುತ್ತಿದೆಯೆಂದ ಮೇಲೆ ಕನ್ನಡದ ವೀರಶೈವ ಗ್ರಂಥಗಳಿಗೂ ದೊರೆಯಲಾರದೆನ್ನಲು ಕಾರಣವಿಲ್ಲ. ಆದರೆ ಸಂಸ್ಕೃತಕ್ಕೆ ಅಲ್ಲಿ ವಿದ್ವಾಂಸರ ದೊಡ್ಡ ಪರಂಪರೆಯಿದೆ. ಕನ್ನಡ ಬಲ್ಲವರು ಬೆರಳೆಣಿಕೆಯವರು. ಆ ಕೊರತೆಯೇ ಕನ್ನಡನಾಡಿನ ಸಹಭಾಗಿಗೆ ಬೆಲೆ ತಂದುಕೊಡುತ್ತದೆ.

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಜರ್ಮನ್ ಸಂಶೋಧನ ನಿಧಿಯ ನೆರವಿನಿಂದ ಹರ್ಮನ್ ಗುಂಡರ್ಟರ ಸಂಗ್ರಹವನ್ನು ಛಾಯಾರೂಪಕ್ಕೆ ತಂದು 2018ರಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟಿತು. ಮಲಯಾಳದ ಗ್ರಂಥಗಳೇ ಅಲ್ಲಿ ಪ್ರಧಾನವಾದರೂ ಕನ್ನಡ, ತುಳು ಪುಸ್ತಕಗಳೂ ಇವೆ. ಕಿಟ್ಟೆಲರಿಗೆ ಕನ್ನಡ ನಿಘಂಟಿಗಾಗಿ 1896ರಲ್ಲಿ ಡಾಕ್ಟರ್ ಪದವಿಯಿತ್ತ ವಿಶ್ವವಿದ್ಯಾಲಯವೂ ಇದೇ.

ಸಹಭಾಗಿಯನ್ನು ಹುಡುಕುವ ಬಗೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಶರಣಸಾಹಿತ್ಯ ಮಂಡಲಿ ಇದೆಯೆಂದು ಊಹಿಸೋಣ. ಸುತ್ತಲಿನ ಮನೆಗಳಿಂದಲೂ ಹರಿಹರದ ಕಡೆಯ ಹಳ್ಳಿಗಳಿಂದಲೂ ಅದರ ಸದಸ್ಯರು 100 ಕಟ್ಟುಗಳನ್ನು ಗುರುತಿಸಿದ್ದಾರೆ. ಅವರು ಮೊದಲು ಮಾಡಬೇಕಾದುದೇನು?

ಹಣವನ್ನು ಹುಡುಕುವ ಮೊದಲು ಪಟ್ಟಿಯನ್ನು ಸಿದ್ಧಪಡಿಸಬೇಕು. ಪ್ರತಿ ಕಟ್ಟಿನ ಗರಿಗಳ ಸಂಖ್ಯೆ, ಅಳತೆ, ಲಿಪಿ, ಆರಂಭ ಮತ್ತು ಮುಕ್ತಾಯದ ವಾಕ್ಯಗಳು, ಲಿಪಿಕಾರನ ಹೆಸರು, ಈಗಿನ ಸ್ಥಿತಿ, ಒಡೆಯರ ಒಪ್ಪಿಗೆ ಇಷ್ಟನ್ನು ಬರೆದಿಡಬೇಕು. ಇದಕ್ಕೆ ವೆಚ್ಚ ಅಲ್ಪ, ತಾಳ್ಮೆ ಬಹಳ. ದೂರದ ವಿದ್ವಾಂಸನಿಗೆ 'ಅಮೂಲ್ಯ ಗ್ರಂಥಗಳಿವೆ' ಎಂಬ ಮಾತಿನಿಂದ ಪ್ರಯೋಜನವಿಲ್ಲ; ಪಟ್ಟಿಯ ಹತ್ತು ಸಾಲುಗಳು ಅವನನ್ನು ಎಚ್ಚರಗೊಳಿಸುತ್ತವೆ.

ಎರಡನೆಯ ಹೆಜ್ಜೆ, ಅದೇ ವಿಷಯದಲ್ಲಿ ಈಗಾಗಲೇ ಅನುದಾನ ಪಡೆದವರನ್ನು ಗುರುತಿಸುವುದು. ಒಕ್ಕೂಟವು ತಾನು ಹಣ ಕೊಟ್ಟ ಯೋಜನೆಗಳ ವಿವರವನ್ನು 'ಕಾರ್ಡಿಸ್' ಎಂಬ ಸಾರ್ವಜನಿಕ ದಾಖಲೆಯಲ್ಲಿ ಇರಿಸಿದೆ. ಯೋಜನೆಯ ಉದ್ದೇಶ, ಮೊತ್ತ, ಸಹಭಾಗಿಗಳು ಎಲ್ಲವೂ ಅಲ್ಲಿವೆ. ಪ್ರಕಟವಾದ ಪ್ರಬಂಧಗಳ ಕೃತಜ್ಞತೆಯ ಸಾಲುಗಳನ್ನು ಓದಿದರೂ ಯಾರಿಗೆ ಯಾವ ನಿಧಿ ನೆರವಾಯಿತೆಂದು ತಿಳಿಯುತ್ತದೆ. ಜೊತೆಗೆ ಆಯಾ ದೇಶಗಳಲ್ಲಿ ಅರ್ಜಿದಾರರಿಗೆ ಶುಲ್ಕವಿಲ್ಲದೆ ಮಾರ್ಗದರ್ಶನ ಮಾಡುವ ಅಧಿಕೃತ ಸಂಪರ್ಕಾಧಿಕಾರಿಗಳಿರುತ್ತಾರೆ. ಕೂಟಕ್ಕೆ ಸೇರುವ ಸಂಸ್ಥೆಗೆ 9 ಅಂಕೆಗಳ ಗುರುತುಸಂಖ್ಯೆಯೊಂದು ಬೇಕು. ಅದನ್ನು ಮೊದಲೇ ಪಡೆದಿಡಬಹುದು.

ಮೂರನೆಯದು ಮಧ್ಯವರ್ತಿ ವಿದ್ಯಾಸಂಸ್ಥೆ. ಸಣ್ಣ ಮಂಡಲಿಯೊಂದು ನೇರವಾಗಿ ಹೊರದೇಶದ ಕೂಟಕ್ಕೆ ಸೇರುವುದಕ್ಕಿಂತ ಸಮೀಪದ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮೂಲಕ ಸೇರುವುದು ಸುಲಭ. ಹೊರನಾಡಿನ ವಿದ್ಯಾಪೀಠಗಳೊಡನೆ ಸಂಬಂಧವಿರುವ ಮಠಗಳೂ ಈ ಭಾಗದಲ್ಲಿವೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು 1970ರ ದಶಕದ ಕೊನೆಯಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದವರು. ಪಾಣಿನಿಯ ವ್ಯಾಕರಣವನ್ನು ಗಣಕಯಂತ್ರಕ್ಕೆ ಅಳವಡಿಸಿ, ವಚನಗಳನ್ನೂ ಅದೇ ಸಾಧನದಲ್ಲಿ ತಂದವರು.

ಮೊದಲ ಪತ್ರದಲ್ಲಿ ಹಣದ ಮಾತನ್ನು ಎತ್ತುವುದು ಉಚಿತವಲ್ಲ. ಇಲ್ಲಿ ಏನಿದೆ, ಯಾರು ಓದಬಲ್ಲರು, ಅವರ ಸಂಶೋಧನೆಯ ಯಾವ ಪ್ರಶ್ನೆಗೆ ಇದು ಉತ್ತರವಾದೀತು ಎಂಬ ಮೂರು ವಿಷಯಗಳು ಸಾಕು. ಬೀಗತನ ಬೆಳೆಸುವವರು ಮೊದಲ ಭೇಟಿಯಲ್ಲಿಯೇ ಕೊಡುಕೊಳ್ಳುವ ಮಾತಾಡುವುದಿಲ್ಲವಷ್ಟೆ.

ಕಾನೂನು ಮತ್ತು ಲೆಕ್ಕ

ಹೊರದೇಶದಿಂದ ಬರುವ ದೇಣಿಗೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ. ನೋಂದಣಿ ಬಯಸುವ ಸಂಸ್ಥೆ ಕನಿಷ್ಠ 3 ವರ್ಷ ನಡೆದಿರಬೇಕು. ಆ ಅವಧಿಯಲ್ಲಿ ತನ್ನ ಉದ್ದೇಶಗಳಿಗಾಗಿ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ನೋಂದಣಿ 5 ವರ್ಷಗಳಿಗೆ ಸೀಮಿತ. ಹೊಸ ಸಂಸ್ಥೆಯಾದರೆ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕಾರ್ಯಕ್ಕೆ ಹಣ ಪಡೆಯಲು ಪೂರ್ವಾನುಮತಿ ಕೋರಬಹುದು. 2020ರ ತಿದ್ದುಪಡಿಯ ಮೇಲೆ ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸಕೂಡದು, ಆಡಳಿತ ವೆಚ್ಚ ಶೇಕಡಾ 20ನ್ನು ಮೀರಕೂಡದು. ಒಂದು ದೊಡ್ಡ ಸಂಸ್ಥೆ ಹಣ ಪಡೆದು ಸಣ್ಣ ಮಂಡಲಿಗಳಿಗೆ ಹಂಚುವ ಹಳೆಯ ರೂಢಿಗೆ ಇದರಿಂದ ತಡೆ ಬಿದ್ದಿದೆ. ಆದುದರಿಂದ ಯಾರ ಖಾತೆಗೆ ಎಷ್ಟು ಎಂಬುದನ್ನು ಪ್ರಸ್ತಾವ ಬರೆಯುವಾಗಲೇ ನಿರ್ಧರಿಸಬೇಕು. ಹಣದ ಬದಲು ಅವರ ತಜ್ಞರ ಶ್ರಮ, ಇಲ್ಲಿಯವರಿಗೆ ಅಲ್ಲಿ ತರಬೇತಿ ಈ ರೂಪದಲ್ಲಿ ಸಹಕಾರ ಪಡೆದರೆ ತೊಡಕು ಕಡಿಮೆ. ದೇಶದೊಳಗಿನ ಧನವನ್ನೂ ಮರೆಯಬಾರದು. ಕೇಂದ್ರ ಸರಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಮತ್ತು ರಕ್ಷಣೆಗೆ 'ಜ್ಞಾನ ಭಾರತಂ' ಯೋಜನೆಯನ್ನು ಘೋಷಿಸಿತು.

ಒಪ್ಪಂದದಲ್ಲಿ ಇರಬೇಕಾದ ಮಾತುಗಳು

ಸಹಕಾರದಲ್ಲಿ ಭಯಕ್ಕೂ ಎಡೆಯುಂಟು. ಓಲೆಗಳು ಕಡಲಾಚೆ ಹೋಗಿ ಮರಳಿ ಬಾರದಿರಬಹುದು. ಇಲ್ಲಿಯ ಪಂಡಿತನ ದುಡಿಮೆಯ ಮೇಲೆ ಬೇರೊಬ್ಬರ ಹೆಸರು ಅಚ್ಚಾಗಬಹುದು. ಈ ಭಯಕ್ಕೆ ನೇಪಾಳದ ಅನುಭವ ಉತ್ತರ ಕೊಡುತ್ತದೆ. 1970ರಿಂದ 2001ರ ವರೆಗೆ ನೇಪಾಳ ಮತ್ತು ಜರ್ಮನಿಗಳು ಕೂಡಿ 1,80,000ಕ್ಕೂ ಮಿಕ್ಕ ಹಸ್ತಪ್ರತಿಗಳ ಕಿರುಚಿತ್ರ ತೆಗೆದವು. ಜರ್ಮನ್ ಸಾರ್ವಜನಿಕ ಧನ ಅದಕ್ಕೆ ಒದಗಿತು. ಮೂಲ ಓಲೆಗಳು ಒಡೆಯರಲ್ಲಿಯೇ ಉಳಿದವು. ಚಿತ್ರದ ಒಂದು ಪ್ರತಿ ಕಠ್ಮಂಡುವಿನಲ್ಲಿ, ಇನ್ನೊಂದು ಬರ್ಲಿನ್ನಿನಲ್ಲಿ ಇರಿಸಲಾಯಿತು. ಇದೇ ಮಾದರಿಯನ್ನು ಇಲ್ಲಿಯ ಒಪ್ಪಂದದಲ್ಲಿಯೂ ಬರೆಯಿಸಬಹುದು: ಮೂಲ ಗರಿ ಊರನ್ನು ಬಿಟ್ಟು ಕದಲದಿರುವುದು, ಛಾಯಾಪ್ರತಿ ಎರಡು ಕಡೆಯೂ ಇರುವುದು, ಓದಿ ಬರೆದವರ ಹೆಸರು ಗ್ರಂಥದಲ್ಲಿ ಕಾಣುವುದು, ಕನ್ನಡ ಓದುಗರಿಗೆ ಪಾಠ ಮುಕ್ತವಾಗಿ ದೊರೆಯುವುದು.

ಸಾರ್ವಜನಿಕ ಧನವೆಂದರೆ ಅರಿಯದ ಜನರ ಬೆವರು. ಸ್ಪೇನಿನ ರೈತನೋ ಪೋಲೆಂಡಿನ ಶಿಕ್ಷಕನೋ ತೆತ್ತ ತೆರಿಗೆಯ ಒಂದು ಕಣ ತುಂಗಭದ್ರೆಯ ದಡದ ಓಲೆಯನ್ನು ಉಳಿಸಲು ಬರುವುದಾದರೆ, ಅದರ ಕಾಸು ಕಾಸಿಗೂ ಲೆಕ್ಕ ಒಪ್ಪಿಸುವುದು ಧರ್ಮ. ಕಾಯಕದಲ್ಲಿ ಶುಚಿ, ದಾಸೋಹದಲ್ಲಿ ನಿರಹಂಕಾರ ಎಂದು ಶರಣರು ಬೋಧಿಸಿದ ನಡೆಗೂ ಲೆಕ್ಕಪರಿಶೋಧಕರು ಕೇಳುವ ರಸೀತಿಗೂ ವಿರೋಧವಿಲ್ಲ.

ಸಹಭಾಗಿಗಳು ದೊರೆಯಲು ವರ್ಷಗಳು ಹಿಡಿಯಬಹುದು. ಮೊದಲ ಪ್ರಸ್ತಾವ ತಿರಸ್ಕೃತವಾಗಲೂಬಹುದು. ಗರಿಗಳು ಮಾತ್ರ ಅಷ್ಟು ಕಾಲ ಕಾಯುವಂತಿಲ್ಲ. ಧೂಳು ಒರೆಸಿ, ಹದವಾಗಿ ಎಣ್ಣೆ ಸವರಿ, ಶುಭ್ರವಾದ ಬಟ್ಟೆಯಲ್ಲಿ ಕಟ್ಟಿಡುವುದಕ್ಕೆ, ಹಿರಿಯರ ಬಳಿ ಕುಳಿತು ಹಳೆಯ ಅಕ್ಷರವನ್ನು ಕಲಿಯುವುದಕ್ಕೆ ಯಾವ ದೇಶದ ಅನುಮತಿಯೂ ಬೇಕಿಲ್ಲ. ದಾವಣಗೆರೆ–ಹರಿಹರಗಳ ಸಾಹಿತ್ಯ ವಿದ್ಯಾರ್ಥಿಗಳು ಒಂದೊಂದು ಓಣಿಯ ಪಟ್ಟಿಯನ್ನು ಹಂಚಿಕೊಂಡು ಬರೆದರೆ ಒಂದು ವರ್ಷದೊಳಗೆ ಈ ಭಾಗದ ಓಲೆಗಳ ಮೊದಲ ಸೂಚಿ ಸಿದ್ಧವಾದೀತು. ಮುಂದೆ ಕೈಜೋಡಿಸಲು ಬರುವವರ ಮುಂದೆ ಇಡಬೇಕಾದುದು ಆ ಸೂಚಿಯೇ.